ಸೌದೆ ಕೊಯ್ಯುವ ಕತ್ತರಿಗಾಲು ಸ್ಟ್ಯಾಂಡ್: ಕಟ್ಟುವ ಕ್ರಮ, ಕೊಯ್ಯುವ ಕ್ರಮ

ದಿಮ್ಮಿಯನ್ನು ನೆಲದ ಮೇಲಿಟ್ಟು, ಒಂದು ಕಾಲಿನಿಂದ ಒತ್ತಿ ಹಿಡಿದು, ನಡು ಬಗ್ಗಿಸಿ ಗರಗಸ ಎಳೆಯುತ್ತಿದ್ದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಹತ್ತು ತುಂಡು ಕೊಯ್ಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡುತ್ತಿದ್ದದ್ದು ಮರ ಗರಗಸವನ್ನು ಕಚ್ಚಿ ಹಿಡಿಯುವುದು. ಮುಕ್ಕಾಲು ಪಾಲು ಕೊಯ್ದಾಗಿರುತ್ತದೆ, ಅಲಗು ಇದ್ದಕ್ಕಿದ್ದಂತೆ ಒಳಗೇ ನಿಂತುಬಿಡುತ್ತದೆ, ಎಳೆದರೂ ಬರುವುದಿಲ್ಲ, ತಳ್ಳಿದರೂ ಹೋಗುವುದಿಲ್ಲ.

ದಿಮ್ಮಿಯನ್ನು ಎತ್ತರಕ್ಕೆ ಏರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡು ನಾನು ಮೊದಲನೆಯ ಸ್ಟ್ಯಾಂಡ್ ಕಟ್ಟಿದೆ. ಎರಡು ಕತ್ತರಿಗಾಲು, ಅಂದರೆ ತೆರೆದ ಕತ್ತರಿಯಂತೆ ಒಂದನ್ನೊಂದು ದಾಟುವ ಕಾಲುಗಳ ಎರಡು ಜೋಡಿ, ಅವುಗಳ ನಡುವೆ ಒಂದೂವರೆ ಮೀಟರ್ ಅಂತರ. ಸೊಂಟನೋವು ನಿಂತಿತು. ಗರಗಸ ಸಿಕ್ಕಿಹಾಕಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ, ಹೆಚ್ಚೇ ಆಯಿತು. ತಪ್ಪು ಗರಗಸದ್ದಲ್ಲ, ಕಾಲುಗಳನ್ನು ನಾನು ನಿಲ್ಲಿಸಿದ ಜಾಗದ್ದು ಎಂದು ತಿಳಿಯಲು ಒಂದು ಇಡೀ ಹಂಗಾಮು ಬೇಕಾಯಿತು. ಆದ್ದರಿಂದ ಅಳತೆ, ಹತಾರಗಳಿಗೆ ಮೊದಲು ಈ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಇದು ಮನಸ್ಸಿನಲ್ಲಿ ಕುಳಿತರೆ ಉಳಿದದ್ದೆಲ್ಲ ಸಾಮಾನ್ಯ ಮರಗೆಲಸ.

ಮರ ಗರಗಸವನ್ನು ಏಕೆ ಕಚ್ಚುತ್ತದೆ

ದಿಮ್ಮಿಯ ಎರಡು ತುದಿಗಳಿಗೆ ಆಸರೆ ಕೊಟ್ಟು ನಡುವೆ ಕೊಯ್ಯುತ್ತಿದ್ದೀರಿ ಎಂದುಕೊಳ್ಳಿ. ತನ್ನದೇ ಭಾರಕ್ಕೆ ದಿಮ್ಮಿ ನಡುವಿನಲ್ಲಿ ಕೆಳಕ್ಕೆ ಜಗ್ಗುತ್ತದೆ. ಆಗ ಅದರ ಮೇಲ್ಭಾಗದ ನಾರುಗಳು ಒತ್ತಿಕೊಳ್ಳುತ್ತವೆ, ಕೆಳಭಾಗದ ನಾರುಗಳು ಹಿಗ್ಗುತ್ತವೆ. ಗರಗಸ ಆಳಕ್ಕೆ ಇಳಿದಷ್ಟೂ ಉಳಿದ ಮರ ತೆಳುವಾಗಿ ಜಗ್ಗುವುದು ಹೆಚ್ಚುತ್ತದೆ, ಕೊಯ್ತದ ಬಾಯಿ ಮುಚ್ಚಿಕೊಳ್ಳುತ್ತದೆ, ಅಲಗು ಒಳಗೆ ಸಿಕ್ಕಿಬೀಳುತ್ತದೆ.

ಈಗ ಅದೇ ದಿಮ್ಮಿಯ ಒಂದು ತುದಿ ಆಸರೆಯಿಂದ ಆಚೆಗೆ ಚಾಚಿಕೊಂಡಿರಲಿ, ಆ ಚಾಚಿದ ಭಾಗವನ್ನು ಕೊಯ್ಯಿರಿ. ಜೋತುಬಿದ್ದ ತುದಿಯಲ್ಲಿ ಹಿಗ್ಗುವುದು ಮೇಲ್ಭಾಗ, ಒತ್ತಿಕೊಳ್ಳುವುದು ಕೆಳಭಾಗ. ಮೇಲಿನಿಂದ ಕೊಯ್ದಷ್ಟೂ ಬಾಯಿ ತೆರೆದುಕೊಳ್ಳುತ್ತಲೇ ಹೋಗುತ್ತದೆ. ಕೊನೆಗೆ ತುಂಡು ತಾನಾಗಿ ಕಳಚಿ ನೆಲಕ್ಕೆ ಬೀಳುತ್ತದೆ, ಗರಗಸ ಕೈಯಲ್ಲಿ ಹಗುರವಾಗಿ ಉಳಿಯುತ್ತದೆ.

ಹಾಗಾದರೆ ಸ್ಟ್ಯಾಂಡಿನ ಅಂಚಿನ ಹೊರಗೆ ಮಾತ್ರ ಕೊಯ್ಯಬೇಕು. ಒಂದು ತುಂಡು ಬಿದ್ದ ಮೇಲೆ ದಿಮ್ಮಿಯನ್ನು ಮುಂದಕ್ಕೆ ಸರಿಸಬೇಕು, ಮತ್ತೆ ಅದೇ ಜಾಗದಲ್ಲಿ ಕೊಯ್ಯಬೇಕು. ಇಲ್ಲೊಂದು ತೊಡಕಿದೆ. ದಿಮ್ಮಿ ಗಿಡ್ಡವಾಗುತ್ತ ಬಂದಂತೆ ಅದು ದೂರದ ಕಾಲಿಗೆ ಎಟಕುವುದಿಲ್ಲ. ಈ ಕಾರಣಕ್ಕೆ ನಾನು ಎರಡಲ್ಲ, ಮೂರು ಕತ್ತರಿಗಾಲುಗಳನ್ನು ಇಡುತ್ತೇನೆ. ಕೊಯ್ಯುವ ತುದಿಯಲ್ಲಿ ಎರಡು ಹತ್ತಿರ ಹತ್ತಿರ, ಮೂರನೆಯದು ದೂರದಲ್ಲಿ. ಉದ್ದದ ದಿಮ್ಮಿಯ ಬಾಲಕ್ಕೆ ಮೂರನೆಯದು ಆಸರೆ, ಗಿಡ್ಡವಾದ ಮೇಲೆ ಹತ್ತಿರದ ಜೋಡಿಯೇ ಸಾಕು.

ಅಳತೆ

ಮೊದಲು ಸೌದೆಯ ಉದ್ದವನ್ನು ನಿರ್ಧರಿಸಿ. ಒಲೆಯ ಒಳಗಿನ ಉದ್ದಕ್ಕಿಂತ ಐದರಿಂದ ಎಂಟು ಸೆಂಟಿಮೀಟರ್ ಕಡಿಮೆ ಇದ್ದರೆ ತುಂಡು ಸಲೀಸಾಗಿ ಒಳಗೆ ಹೋಗುತ್ತದೆ. ಇಲ್ಲಿ ನಾನು 35 ಸೆಂ.ಮೀ. ತುಂಡುಗಳನ್ನು ಲೆಕ್ಕಕ್ಕೆ ಹಿಡಿದಿದ್ದೇನೆ. ನಿಮ್ಮ ತುಂಡು ಬೇರೆ ಅಳತೆಯದಾದರೆ ಹತ್ತಿರದ ಎರಡು ಕಾಲುಗಳ ಅಂತರವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಆ ಅಂತರ ಯಾವಾಗಲೂ ಒಂದು ತುಂಡಿನ ಉದ್ದಕ್ಕಿಂತ ಕಡಿಮೆ ಇರಬೇಕು.

ಎತ್ತರದ ವಿಷಯದಲ್ಲಿ ಪುಸ್ತಕದ ಅಳತೆಗಿಂತ ನಿಮ್ಮ ದೇಹದ ಅಳತೆ ಮುಖ್ಯ. ಕಾಲುಗಳು ದಾಟುವ ಜಾಗದ ಮೇಲೆ ದಿಮ್ಮಿ ಕೂರುವ ಕವೆಯ ತಳ ಮೊಣಕಾಲಿನ ಚಿಪ್ಪಿಗಿಂತ ನಾಲ್ಕೈದು ಬೆರಳು ಮೇಲಿದ್ದರೆ ಕೈಗರಗಸಕ್ಕೆ ಹದವಾದ ಎತ್ತರ. ಅಲ್ಲಿ ಕೂತ ದಿಮ್ಮಿಯ ನಡು ತೊಡೆಯ ಮೇಲ್ಭಾಗಕ್ಕೆ ಬರುತ್ತದೆ. ಗರಗಸ ಹಿಡಿದ ಕೈ ಸ್ವಲ್ಪ ಕೆಳಮುಖವಾಗಿ ಚಲಿಸುತ್ತದೆ, ಭುಜದ ಭಾರವೂ ಕೊಯ್ತಕ್ಕೆ ಒದಗುತ್ತದೆ. ಇದಕ್ಕಿಂತ ಎತ್ತರವಾದರೆ ಭುಜ ಬೇಗ ದಣಿಯುತ್ತದೆ, ದಿಮ್ಮಿಯನ್ನು ಮೇಲೇರಿಸುವುದೂ ಕಷ್ಟ.

165 ಸೆಂ.ಮೀ. ಆಸುಪಾಸಿನ ಎತ್ತರದವರಿಗೆ ನಾನು ಮಾಡಿಕೊಡುವ ಅಳತೆ ಇದು. ಪ್ರತಿ ಕಾಲಿನ ಉದ್ದ 100 ಸೆಂ.ಮೀ. ಎರಡು ಕಾಲುಗಳು ಒಂದನ್ನೊಂದು ದಾಟುವ ಜಾಗ ಬುಡದಿಂದ 62 ಸೆಂ.ಮೀ. ನೆಲದ ಮೇಲೆ ಎರಡು ಬುಡಗಳ ನಡುವಿನ ಅಗಲ 75 ಸೆಂ.ಮೀ. ಹೀಗೆ ನಿಲ್ಲಿಸಿದರೆ ಕಾಲುಗಳು ದಾಟುವ ಬಿಂದು ನೆಲದಿಂದ ಸುಮಾರು 49 ಸೆಂ.ಮೀ., ಕವೆಯ ತಳ ಸುಮಾರು 57 ಸೆಂ.ಮೀ. ಎತ್ತರಕ್ಕೆ ಬರುತ್ತವೆ. 20 ಸೆಂ.ಮೀ. ದಪ್ಪದ ದಿಮ್ಮಿಯ ನಡು 73 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ನೀವು ಇನ್ನೂ ಎತ್ತರದವರಾದರೆ ಕಾಲನ್ನೂ ದಾಟುವ ಬಿಂದುವನ್ನೂ ಸಮನಾಗಿ ಐದು ಸೆಂಟಿಮೀಟರ್ ಮೇಲಕ್ಕೆ ಒಯ್ಯಿರಿ. ಬುಡಗಳ ಅಗಲವನ್ನು ಮಾತ್ರ ಕಡಿಮೆ ಮಾಡಬೇಡಿ. ಗರಗಸದ ಎಳೆತ ಮತ್ತು ತಳ್ಳುವಿಕೆ ದಿಮ್ಮಿಗೆ ಅಡ್ಡಲಾಗಿ, ಅಂದರೆ ಕತ್ತರಿಗಾಲಿನ ಅಗಲದ ದಿಕ್ಕಿನಲ್ಲೇ ಬೀಳುತ್ತದೆ. ಅಗಲ ಕಡಿಮೆಯಾದರೆ ಪ್ರತಿ ಎಳೆತಕ್ಕೂ ಸ್ಟ್ಯಾಂಡ್ ತೂಗಾಡುತ್ತದೆ.

ಬೇಕಾಗುವ ಮರ ಮತ್ತು ಹತಾರ

ಕಾಲುಗಳಿಗೆ 9 ಸೆಂ.ಮೀ. ಅಗಲ, 4.5 ಸೆಂ.ಮೀ. ದಪ್ಪದ ಒಣಗಿದ ಮರ. ಒಂದು ಮೀಟರಿನ ಆರು ತುಂಡು. ಕತ್ತರಿಗಾಲುಗಳನ್ನು ಒಂದಕ್ಕೊಂದು ಜೋಡಿಸುವ ಪಟ್ಟಿಗಳಿಗೆ 9 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ಹಲಗೆ: ಉದ್ದಪಟ್ಟಿಗೆ 80 ಸೆಂ.ಮೀ. ಉದ್ದದ ನಾಲ್ಕು, ಓರೆಪಟ್ಟಿಗೆ 90 ಸೆಂ.ಮೀ. ಉದ್ದದ ಎರಡು. 10 ಮಿ.ಮೀ. ದಪ್ಪ, 7 ಸೆಂ.ಮೀ. ಉದ್ದದ ಮೂರು ಬೋಲ್ಟುಗಳು, ಅವುಗಳಿಗೆ ನಟ್ಟು ಮತ್ತು ಅಗಲವಾದ ವಾಷರುಗಳು. 6 ಸೆಂ.ಮೀ. ಉದ್ದದ ನಲವತ್ತು ಸ್ಕ್ರೂ. ಕಟ್ಟಿ ಮುಗಿಸಿದ ಮೇಲೆ ಸ್ಟ್ಯಾಂಡ್ ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಒಬ್ಬರೇ ಎಳೆದಾಡಬಹುದು, ಆದರೂ ಕೆಲಸದ ನಡುವೆ ಕುಣಿಯದಷ್ಟು ಭಾರ.

ಮರವನ್ನು ಆರಿಸುವಾಗ ಒಂದು ಮಾತು ಗಮನದಲ್ಲಿರಲಿ. ಬುಡದಿಂದ 62 ಸೆಂ.ಮೀ. ದೂರದಲ್ಲಿ, ಅದರ ಹಿಂದೆ ಮುಂದೆ ಒಂದು ಗೇಣಿನಷ್ಟು ಜಾಗದಲ್ಲಿ ಗಂಟು ಇರಬಾರದು. ಅಲ್ಲಿ ಕಚ್ಚು ಹಾಕಿ ಅರ್ಧ ದಪ್ಪವನ್ನು ತೆಗೆಯುತ್ತೇವೆ, ಉಳಿದ ಅರ್ಧದಲ್ಲೂ ಗಂಟಿದ್ದರೆ ಭಾರ ಬಿದ್ದ ದಿನ ಕಾಲು ಅಲ್ಲೇ ಮುರಿಯುತ್ತದೆ. ಹಸಿ ಮರವೂ ಬೇಡ. ಒಣಗುತ್ತ ಕುಗ್ಗಿ ಕಚ್ಚು ಸಡಿಲವಾಗುತ್ತದೆ.

ಹತಾರಗಳು: ಕೈಗರಗಸ, ಅಗಲವಾದ ಉಳಿ, ಕೊಡತಿ, ಮೂಲೆಮಟ್ಟ, ಅಳತೆ ಟೇಪು, ಪೆನ್ಸಿಲ್, ಡ್ರಿಲ್, ಸ್ಪ್ಯಾನರ್. ಕೋನ ಅಳೆಯುವ ಸಾಧನ ಬೇಕಾಗಿಲ್ಲ. ಕೋನವನ್ನು ಕಾಲುಗಳೇ ತೋರಿಸಿಕೊಡುತ್ತವೆ.

ಮೊದಲನೆಯ ಕತ್ತರಿಗಾಲು

ಎರಡು ಕಾಲುಗಳನ್ನು ತೆಗೆದುಕೊಳ್ಳಿ. ಅಗಲವಾದ ಮುಖದ ನಟ್ಟನಡುವೆ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಬುಡದಿಂದ 62 ಸೆಂ.ಮೀ. ಅಳೆದು ಆ ಗೆರೆಯ ಮೇಲೆ ಗುರುತು ಹಾಕಿ. ಎರಡರಲ್ಲೂ ಗುರುತಿನ ಜಾಗದಲ್ಲಿ ತೆಳುವಾದ ತೂತು ಕೊರೆದು, ಒಂದರ ಮೇಲೊಂದಿಟ್ಟು, ತೂತಿನಲ್ಲಿ ಒಂದು ಮೊಳೆ ತೂರಿಸಿ. ಈಗ ಎರಡು ಕಾಲುಗಳೂ ಕತ್ತರಿಯಂತೆ ತೆರೆಯುತ್ತವೆ, ಮುಚ್ಚುತ್ತವೆ.

ಸಮತಟ್ಟಾದ ನೆಲದ ಮೇಲೆ ಮಲಗಿಸಿ, ಎರಡು ಬುಡಗಳ ನಡುಗೆರೆಗಳ ಅಂತರ 75 ಸೆಂ.ಮೀ. ಆಗುವವರೆಗೆ ತೆರೆಯಿರಿ. ಆ ಸ್ಥಿತಿಯಲ್ಲಿ ಕದಲದಂತೆ ಹಿಡಿದು, ಮೇಲಿನ ಕಾಲಿನ ಎರಡೂ ಅಂಚುಗಳ ಗೆರೆಯನ್ನು ಕೆಳಗಿನ ಕಾಲಿನ ಮೇಲೆ ಚೂಪಾದ ಪೆನ್ಸಿಲಿನಿಂದ ಎಳೆಯಿರಿ. ಹಾಗೆಯೇ ಕೆಳಗಿನ ಕಾಲಿನ ಅಂಚುಗಳನ್ನು ಮೇಲಿನ ಕಾಲಿನ ಅಡಿಮುಖಕ್ಕೆ ಎಳೆಯಿರಿ. ಕಚ್ಚು ಎಷ್ಟು ಓರೆಯಾಗಿರಬೇಕು ಎಂಬುದು ಈ ಗೆರೆಗಳಲ್ಲೇ ಇದೆ. ಬಿಚ್ಚುವ ಮೊದಲು ಯಾವ ಮುಖ ಯಾವ ಮುಖಕ್ಕೆ ಕೂರುತ್ತದೆ ಎಂದು ಗುರುತು ಬರೆದಿಡಿ. ಅದನ್ನು ಮರೆತು ತಪ್ಪು ಮುಖದಲ್ಲಿ ಕಚ್ಚು ತೆಗೆದರೆ ಆ ಕಾಲು ಸೌದೆಯ ರಾಶಿಗೇ ಸೇರಬೇಕಾಗುತ್ತದೆ.

ಕಚ್ಚಿನ ಆಳ ದಪ್ಪದ ಸರಿಯರ್ಧ, ಅಂದರೆ 2.25 ಸೆಂ.ಮೀ. ಎರಡೂ ಪಕ್ಕಗಳಲ್ಲಿ ಆಳದ ಗೆರೆ ಹಾಕಿ. ಗಡಿಗೆರೆಗಳ ಒಳಬದಿಯಲ್ಲಿ ಗರಗಸ ಹಿಡಿದು ಆ ಆಳದವರೆಗೆ ಕೊಯ್ಯಿರಿ. ಆಮೇಲೆ ನಡುವಿನ ಜಾಗದಲ್ಲಿ ಒಂದೊಂದು ಸೆಂಟಿಮೀಟರಿಗೆ ಒಂದರಂತೆ ಅದೇ ಆಳಕ್ಕೆ ಗರಗಸದ ಗೆರೆಗಳನ್ನು ಇಳಿಸಿ. ಉಳಿಯಿಟ್ಟು ಕೊಡತಿಯಿಂದ ತಟ್ಟಿದರೆ ಆ ತೆಳುವಾದ ಚಕ್ಕೆಗಳು ಒಂದೊಂದಾಗಿ ಎದ್ದು ಬರುತ್ತವೆ. ಎರಡೂ ಪಕ್ಕದಿಂದ ನಡುವಿನ ಕಡೆಗೆ ಉಳಿ ಆಡಿಸಿ. ಒಂದೇ ಪಕ್ಕದಿಂದ ನುಗ್ಗಿಸಿದರೆ ಆಚೆ ಅಂಚು ಸಿಬಿರೆದ್ದು ಕಿತ್ತು ಬರುತ್ತದೆ. ತಳವನ್ನು ಉಳಿಯಿಂದ ನಯಗೊಳಿಸಿ ಎರಡನ್ನೂ ಕೂಡಿಸಿ ನೋಡಿ. ಕೊಡತಿಯ ನಾಲ್ಕು ಹಗುರ ಪೆಟ್ಟಿಗೆ ಬಿಗಿಯಾಗಿ ಕೂರಬೇಕು. ಕೈಯಲ್ಲೇ ಸಡಿಲವಾಗಿ ಕೂತರೆ ಮುಂದೆ ಅಲುಗಾಡುತ್ತದೆ. ಕೂರದಿದ್ದರೆ ಬಲವಂತ ಮಾಡದೆ, ಎಲ್ಲಿ ತಾಗುತ್ತಿದೆ ಎಂದು ನೋಡಿ ಅಲ್ಲಿ ಮಾತ್ರ ಸ್ವಲ್ಪ ಕೆತ್ತಿ.

ಕೂಡಿಸಿದ ಮೇಲೆ ಮೊಳೆ ತೂರಿದ್ದ ತೂತನ್ನೇ 10 ಮಿ.ಮೀ. ಗೆ ಹಿಗ್ಗಿಸಿ ಬೋಲ್ಟು ಹಾಕಿ. ಎರಡೂ ಕಡೆ ವಾಷರು ಇರಲಿ, ಇಲ್ಲದಿದ್ದರೆ ನಟ್ಟು ಮರದೊಳಕ್ಕೆ ಹುದುಗುತ್ತ ಹೋಗುತ್ತದೆ. ಅಂಟು ಹಾಕುವುದು ನನಗೆ ಇಷ್ಟವಿಲ್ಲ. ಒಂದು ಕಾಲು ಹಾಳಾದಾಗ ಬೋಲ್ಟು ಬಿಚ್ಚಿ ಅದೊಂದನ್ನೇ ಬದಲಿಸಬಹುದು, ಅಂಟಿಸಿದರೆ ಆ ಅವಕಾಶ ಹೋಗುತ್ತದೆ.

ಬೋಲ್ಟಿಗಿಂತ ಮೇಲೆ, ಕವೆಯಲ್ಲಾಗಲಿ ಅದರ ಎರಡು ಬದಿಗೆ ಚಾಚಿದ ಕಾಲಿನ ತುದಿಗಳಲ್ಲಾಗಲಿ, ಅಂದರೆ ಕೊಂಬುಗಳಲ್ಲಾಗಲಿ, ಯಾವುದೇ ಲೋಹ ಇರಬಾರದು. ದಿಮ್ಮಿ ಉರುಳದಿರಲೆಂದು ಕೆಲವರು ಕೊಂಬಿನ ಒಳಮುಖಕ್ಕೆ ಮೊಳೆ ಬಡಿಯುತ್ತಾರೆ. ಗರಗಸ ಒಂದು ಸಲ ತಪ್ಪಿ ಅದಕ್ಕೆ ತಾಗಿದರೆ ಹಲ್ಲುಗಳು ಹೋದಂತೆಯೇ. ಉರುಳುವ ಭಯವಿದ್ದರೆ ಒಳಮುಖದಲ್ಲಿ ಗರಗಸದಿಂದಲೇ ನಾಲ್ಕಾರು ಸಣ್ಣ ಕಚ್ಚುಗಳನ್ನು ಹಾಕಿದರೆ ತೊಗಟೆಗೆ ಹಿಡಿತ ಸಿಗುತ್ತದೆ.

ಬುಡಗಳನ್ನು ಓರೆಯಾಗಿ ಕತ್ತರಿಸುವುದು ಈಗ. ಕತ್ತರಿಗಾಲನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದರೆ ಅದು ತನ್ನ ಮೂಲೆಗಳ ಮೇಲೆ ನಿಂತಿರುತ್ತದೆ. 2.5 ಸೆಂ.ಮೀ. ದಪ್ಪದ ಒಂದು ಹಲಗೆಯ ಚೂರನ್ನು ನೆಲದ ಮೇಲಿಟ್ಟು, ಅದರ ಮೇಲೆ ಪೆನ್ಸಿಲ್ ಇಟ್ಟು, ಹಲಗೆಯನ್ನು ಬುಡದ ಸುತ್ತ ಸರಿಸುತ್ತ ಗೆರೆ ಎಳೆಯಿರಿ. ಆ ಗೆರೆ ನೆಲಕ್ಕೆ ಸಮಾನಾಂತರವಾಗಿರುತ್ತದೆ. ಅಲ್ಲಿ ಕೊಯ್ದರೆ ಬುಡ ನೆಲಕ್ಕೆ ಪೂರ್ತಿ ಕೂರುತ್ತದೆ.

ಉಳಿದ ಎರಡು ಕತ್ತರಿಗಾಲುಗಳಿಗೆ ಮತ್ತೆ ಟೇಪು ಹಿಡಿಯಬೇಡಿ. ಮೊದಲನೆಯದನ್ನೇ ಅಚ್ಚಾಗಿಟ್ಟುಕೊಂಡು ಗುರುತು ಹಾಕಿ. ಪ್ರತಿ ಸಲ ಹೊಸದಾಗಿ ಅಳೆದರೆ ಅಷ್ಟಿಷ್ಟು ವ್ಯತ್ಯಾಸ ಸೇರುತ್ತದೆ. ಮೂರು ಕವೆಗಳ ತಳ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ದಿಮ್ಮಿ ಎರಡರ ಮೇಲೆ ಮಾತ್ರ ಕೂತು ಮೂರನೆಯದು ಕೆಲಸಕ್ಕೆ ಬಾರದೆ ಹೋಗುತ್ತದೆ.

ಮೂರನ್ನೂ ಜೋಡಿಸುವುದು

ಮೂರು ಕತ್ತರಿಗಾಲುಗಳನ್ನು ಸಮತಟ್ಟಾದ ಜಾಗದಲ್ಲಿ ಸಾಲಾಗಿ ನಿಲ್ಲಿಸಿ. ಒಂದನೆಯ ಮತ್ತು ಎರಡನೆಯದರ ಅಂತರ ನಡುವಿನಿಂದ ನಡುವಿಗೆ 25 ಸೆಂ.ಮೀ., ಎರಡನೆಯ ಮತ್ತು ಮೂರನೆಯದರ ಅಂತರ 50 ಸೆಂ.ಮೀ. ಕವೆಗಳಲ್ಲಿ ಒಂದು ನೇರವಾದ ಕೋಲನ್ನು ಮಲಗಿಸಿ, ಮೂರಕ್ಕೂ ತಾಗುತ್ತಿದೆಯೇ ನೋಡಿ. ತಾಗದಿದ್ದರೆ ಎತ್ತರವಾದದ್ದರ ಬುಡವನ್ನು ಸ್ವಲ್ಪ ಸವರಿ.

80 ಸೆಂ.ಮೀ. ಹಲಗೆಗಳಲ್ಲಿ ಎರಡನ್ನು ಕಾಲುಗಳ ಹೊರ ಅಂಚಿಗೆ, ನೆಲದಿಂದ ಒಂದು ಗೇಣು ಮೇಲೆ, ಎಡಕ್ಕೊಂದು ಬಲಕ್ಕೊಂದು ಕೂರಿಸಿ. ಇನ್ನೆರಡನ್ನು ಕಾಲುಗಳು ದಾಟುವ ಜಾಗಕ್ಕಿಂತ ಸ್ವಲ್ಪ ಕೆಳಗೆ. ಪ್ರತಿ ಕೂಡುವ ಜಾಗದಲ್ಲಿ ಎರಡು ಸ್ಕ್ರೂ. ಸ್ಕ್ರೂ ಹಾಕುವ ಮೊದಲು ತೆಳುವಾದ ತೂತು ಕೊರೆಯಿರಿ, ಹಲಗೆಯ ತುದಿ ಸೀಳುವುದಿಲ್ಲ. ಒಂದನೆಯ ಕತ್ತರಿಗಾಲಿನ ಕಡೆ ಹಲಗೆಯ ತುದಿ ಕಾಲಿನ ಹೊರಮುಖಕ್ಕೆ ಸರಿಸಮವಾಗಿ ನಿಲ್ಲಬೇಕು, ಒಂದು ಬೆರಳಿನಷ್ಟೂ ಆಚೆ ಚಾಚಬಾರದು. ಗರಗಸ ಇಳಿಯುವುದು ಅಲ್ಲೇ, ತುಂಡು ಬೀಳುವುದೂ ಅಲ್ಲೇ.

ಈಗ ಸ್ಟ್ಯಾಂಡನ್ನು ಉದ್ದದ ದಿಕ್ಕಿಗೆ ತಳ್ಳಿ ನೋಡಿ. ಸ್ವಲ್ಪ ವಾಲುತ್ತದೆ. ಗರಗಸದ ಎಳೆತಕ್ಕಲ್ಲ, ಭಾರವಾದ ದಿಮ್ಮಿಯನ್ನು ಕವೆಗೆ ಎತ್ತಿಹಾಕಿ ಮುಂದಕ್ಕೆ ಸರಿಸುವಾಗ ಸ್ಟ್ಯಾಂಡ್ ಈ ದಿಕ್ಕಿಗೆ ಮಡಚಿಕೊಳ್ಳುತ್ತದೆ. 90 ಸೆಂ.ಮೀ. ಹಲಗೆಗಳು ಇದನ್ನು ತಡೆಯಲು. ಒಂದು ಪಕ್ಕದಲ್ಲಿ, ಒಂದನೆಯ ಕಾಲಿನ ಬುಡದ ಬಳಿಯಿಂದ ಮೂರನೆಯ ಕಾಲಿನ ಮೇಲ್ಭಾಗಕ್ಕೆ ಓರೆಯಾಗಿ, ಎರಡು ಉದ್ದಪಟ್ಟಿಗಳ ನಡುವೆ ಒಂದನ್ನು ಹಾಕಿ. ಇನ್ನೊಂದು ಪಕ್ಕದಲ್ಲಿ ಅದಕ್ಕೆ ವಿರುದ್ಧ ದಿಕ್ಕಿನ ಓರೆ. ಹೆಚ್ಚಾದ ತುದಿಗಳನ್ನು ಕೊಯ್ದುಬಿಡಿ. ಈ ಓರೆಪಟ್ಟಿಗಳನ್ನು ಬಿಗಿಯುವ ಮೊದಲು ಉದ್ದಪಟ್ಟಿಗಳ ಎದುರುಬದುರು ಮೂಲೆಗಳ ಅಂತರವನ್ನು ಅಳೆಯಿರಿ. ಎರಡೂ ಅಳತೆ ಒಂದೇ ಆಗಿದ್ದರೆ ಕಾಲುಗಳು ನೆಟ್ಟಗಿವೆ.

ಬುಡದ ಕೊಯ್ದ ಮುಖಕ್ಕೆ ಬಣ್ಣವನ್ನೋ ಟಾರನ್ನೋ ಎರಡು ಸಲ ಹಚ್ಚಿ. ಮರ ನೀರು ಹೀರುವುದು ಹೆಚ್ಚಾಗಿ ನಾರಿನ ತುದಿಯಿಂದ. ಉಳಿದ ಭಾಗಕ್ಕೆ ಎಣ್ಣೆ ಸವರಿದರೆ ಒಳ್ಳೆಯದು, ಸವರದಿದ್ದರೂ ನಡೆಯುತ್ತದೆ.

ಗರಗಸದ ಆಯ್ಕೆ

ಸೌದೆಗೆ ಬಿಲ್ಲಿನಾಕಾರದ ಲೋಹದ ಚೌಕಟ್ಟಿನ ಗರಗಸದಂಥದ್ದು ಇನ್ನೊಂದಿಲ್ಲ. ಅಲಗು ತೆಳು, ಹಲ್ಲು ದೊಡ್ಡದು, ಹಾಳಾದರೆ ಅಲಗನ್ನಷ್ಟೇ ಬದಲಿಸಬಹುದು. ಇದರಲ್ಲಿ ಎರಡು ಬಗೆಯ ಅಲಗುಗಳಿವೆ. ಒಂದೇ ತೆರನಾದ ಮುಕ್ಕೋನ ಹಲ್ಲುಗಳ ಸಾಲು ಒಣಮರಕ್ಕೆ. ಕೆಲವು ಹಲ್ಲುಗಳಾದ ಮೇಲೆ ಒಂದು ಸ್ವಲ್ಪ ಗಿಡ್ಡವಾದ, ತುದಿ ಕವಲೊಡೆದ ಹಲ್ಲಿರುವುದು ಹಸಿಮರಕ್ಕೆ. ಆ ಕವಲು ಹಲ್ಲು ಒದ್ದೆ ಹೊಟ್ಟನ್ನು ಕೆರೆದು ಹೊರಗೆ ತರುತ್ತದೆ. ಹಸಿಮರವನ್ನು ಒಣಮರದ ಅಲಗಿನಿಂದ ಕೊಯ್ದರೆ ಹೊಟ್ಟು ಹಲ್ಲುಗಳ ನಡುವೆ ಮೆತ್ತಿಕೊಂಡು ಗರಗಸ ಜಾರತೊಡಗುತ್ತದೆ. ಜನ ಅದನ್ನು ಮೊಂಡಾಗಿದೆ ಎಂದುಕೊಳ್ಳುತ್ತಾರೆ.

ಅಲಗಿನ ಉದ್ದ ದಿಮ್ಮಿಯ ದಪ್ಪದ ಎರಡು ಪಟ್ಟಿಗಿಂತ ಹೆಚ್ಚಿರಲಿ. 61 ಸೆಂ.ಮೀ. ಅಲಗು 20 ಸೆಂ.ಮೀ. ದಿಮ್ಮಿಯನ್ನು ಆರಾಮವಾಗಿ ಕೊಯ್ಯುತ್ತದೆ. ಗಿಡ್ಡ ಅಲಗಿನಲ್ಲಿ ಹೊಟ್ಟು ಮರದಿಂದ ಹೊರಗೆ ಬರುವಷ್ಟು ಎಳೆತ ಸಿಗುವುದಿಲ್ಲ.

ಕೊಯ್ಯುವ ಕ್ರಮ

ದಿಮ್ಮಿಯ ತೂಕವನ್ನು ಎತ್ತುವ ಮೊದಲೇ ಅಂದಾಜು ಮಾಡಿ. 20 ಸೆಂ.ಮೀ. ದಪ್ಪ, ಎರಡು ಮೀಟರ್ ಉದ್ದದ ಹಸಿ ದಿಮ್ಮಿ ಸುಮಾರು 60 ಕಿಲೋ ತೂಗುತ್ತದೆ. ಅದೇ ಉದ್ದದ, 30 ಸೆಂ.ಮೀ. ದಪ್ಪದ್ದು 130 ಕಿಲೋ ದಾಟುತ್ತದೆ. ದಪ್ಪ ಒಂದೂವರೆ ಪಟ್ಟಾದರೆ ತೂಕ ಎರಡು ಪಟ್ಟಿಗಿಂತ ಹೆಚ್ಚು. ಈ ಲೆಕ್ಕವನ್ನು ಕಡೆಗಣಿಸಿ ಬೆನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಒಬ್ಬರೇ ಇದ್ದರೆ ಭಾರದ ದಿಮ್ಮಿಯನ್ನು ನೆಲದ ಮೇಲೆಯೇ ಒಂದು ಸಲ ಅರ್ಧಕ್ಕೆ ಕೊಯ್ದು ಆಮೇಲೆ ಏರಿಸಿ. ಏರಿಸುವಾಗ ಒಂದು ತುದಿಯನ್ನು ಮೊದಲು ಮೂರನೆಯ ಕವೆಗೆ ಒರಗಿಸಿ, ಇನ್ನೊಂದು ತುದಿಗೆ ಬಂದು ಮೊಣಕಾಲು ಮಡಚಿ ಎತ್ತಿ ಮುಂದಕ್ಕೆ ತಳ್ಳಿ. ಇಡೀ ದಿಮ್ಮಿಯನ್ನು ಒಮ್ಮೆಗೇ ಎತ್ತುವ ಅಗತ್ಯ ಎಂದೂ ಬೀಳುವುದಿಲ್ಲ.

ಸ್ಟ್ಯಾಂಡ್ ಗಟ್ಟಿ ನೆಲದ ಮೇಲಿರಲಿ, ಆರು ಬುಡಗಳೂ ನೆಲಕ್ಕೆ ತಾಗಿರಲಿ. 35 ಸೆಂ.ಮೀ. ಉದ್ದದ ಒಂದು ಕೋಲನ್ನು ಅಳತೆಗೋಲಾಗಿ ಇಟ್ಟುಕೊಂಡು ದಿಮ್ಮಿಯ ಉದ್ದಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿಬಿಡಿ. ಗುರುತಿನ ಜಾಗದಲ್ಲಿ ಗಂಟು ಬಂದರೆ ಎರಡು ಬೆರಳು ಈಚೆಗೋ ಆಚೆಗೋ ಸರಿಸಿ. ಗಂಟಿನ ನಡುವೆ ಕೊಯ್ಯುವ ಶ್ರಮ ಎರಡು ತುಂಡು ಕೊಯ್ಯುವ ಶ್ರಮಕ್ಕೆ ಸಮ.

ಬಲಗೈಯವರು ಒಂದನೆಯ ಕತ್ತರಿಗಾಲು ತಮ್ಮ ಬಲಕ್ಕೆ ಬರುವಂತೆ ನಿಲ್ಲಬೇಕು. ಎಡಗೈಯವರು ಸ್ಟ್ಯಾಂಡಿನ ಇನ್ನೊಂದು ಪಕ್ಕಕ್ಕೆ ಹೋದರೆ ಸಾಕು, ಅದು ಎಡಕ್ಕೆ ಬರುತ್ತದೆ. ಮೊದಲ ಗುರುತು ಒಂದನೆಯ ಕಾಲಿನಿಂದ ನಾಲ್ಕೈದು ಸೆಂ.ಮೀ. ಹೊರಗಿರುವಂತೆ ದಿಮ್ಮಿಯನ್ನು ಸರಿಸಿ. ಇದಕ್ಕಿಂತ ದೂರ ಬೇಡ, ದೂರವಾದಷ್ಟೂ ಚಾಚಿದ ಭಾಗ ಕಂಪಿಸುತ್ತದೆ. ಎಡಗೈಯಿಂದ ದಿಮ್ಮಿಯನ್ನು ಹಿಡಿಯುವುದು ಒಂದನೆಯ ಕೊಂಬಿನ ಈಚೆಗೆ. ಗರಗಸಕ್ಕೂ ಕೈಗೂ ನಡುವೆ ಆಗ ಒಂದು ಕೊಂಬು ಅಡ್ಡವಿರುತ್ತದೆ. ಅಲಗು ಹಾರಿದರೂ ಅದು ಮೊದಲು ತಾಗುವುದು ಕೊಂಬಿಗೆ. ಗುರುತಿನ ಪಕ್ಕ ಹೆಬ್ಬೆರಳಿಟ್ಟು ಅಲಗಿಗೆ ದಾರಿ ತೋರಿಸುವ ಅಭ್ಯಾಸ ಸೌದೆಯ ಗರಗಸಕ್ಕೆ ಸಲ್ಲದು.

ಎಡಗಾಲು ಮುಂದೆ, ಬಲಗಾಲು ಹಿಂದೆ. ತುಂಡು ಬೀಳುವ ಜಾಗದಲ್ಲಿ ಪಾದ ಇರದಂತೆ ನೋಡಿಕೊಳ್ಳಿ. ಮೊದಲ ನಾಲ್ಕಾರು ಎಳೆತ ಹಗುರವಾಗಿ, ನಿಮ್ಮ ಕಡೆಗೆ ಎಳೆಯುತ್ತ. ತೊಗಟೆ ದಾಟಿ ಅಲಗಿಗೆ ಹಾದಿಯಾದ ಮೇಲೆ ಇಡೀ ಉದ್ದವನ್ನು ಬಳಸಿ. ಒತ್ತಡ ಬೇಡ, ಗರಗಸದ ಭಾರವೇ ಸಾಕು. ಒತ್ತಿದರೆ ತೆಳುವಾದ ಅಲಗು ಬಾಗಿ ಕೊಯ್ತ ಓರೆಯಾಗುತ್ತದೆ. ಒತ್ತದೆಯೂ ಒಂದೇ ಕಡೆಗೆ ಓರೆ ಹೋಗುತ್ತಿದ್ದರೆ ಆ ಪಕ್ಕದ ಹಲ್ಲುಗಳು ಚೂಪಾಗಿಯೂ ಇನ್ನೊಂದು ಪಕ್ಕದವು ಮೊಂಡಾಗಿಯೂ ಇವೆ ಎಂದರ್ಥ. ಆಗ ಅಲಗನ್ನು ಬದಲಿಸುವ ಕಾಲ ಬಂದಿದೆ.

ಬಾಯಿ ತೆರೆದುಕೊಳ್ಳುವುದು ಕಂಡಾಗ ಎಳೆತವನ್ನು ನಿಧಾನಿಸಿ. ಕೊನೆಯ ಎರಡು ಬೆರಳಿನಷ್ಟು ಮರ ಒಮ್ಮೆಗೇ ಬಿಟ್ಟುಕೊಡುತ್ತದೆ. ರಭಸದಲ್ಲಿದ್ದರೆ ಗರಗಸ ಹಿಡಿದ ಕೈ ಮೊಣಕಾಲಿಗೆ ಬಂದು ಬಡಿಯುತ್ತದೆ. ಬೀಳುವ ತುಂಡನ್ನು ಹಿಡಿಯಲು ಹೋಗಬೇಡಿ.

ದಿಮ್ಮಿ ಉದ್ದವಿದ್ದು ಬಾಲದ ಕಡೆ ಹೆಚ್ಚು ಚಾಚಿದ್ದರೆ, ತುಂಡು ಕಳಚಿದ ಮೇಲೆ ಉಳಿಯುವ ಭಾಗದ ಅರ್ಧದ ಬಿಂದು ಒಂದನೆಯ ಮತ್ತು ಮೂರನೆಯ ಕಾಲುಗಳ ನಡುವೆ ಬರುತ್ತದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ತುಂಡು ಕಳಚಿದ ಕ್ಷಣದಲ್ಲಿ ಇಡೀ ದಿಮ್ಮಿ ಹಿಂದಕ್ಕೆ ಮಗುಚುತ್ತದೆ. ಈ ಸ್ಟ್ಯಾಂಡಿನಲ್ಲಿ ಎರಡು ಮೀಟರಿನ ದಿಮ್ಮಿ ಆ ಅಂಚಿನಲ್ಲೇ ಇರುತ್ತದೆ, ಮೂರು ಮೀಟರಿನದಕ್ಕೆ ಆ ಭಯ ಖಂಡಿತ ಇದೆ.

ಕೊನೆಯ ತುಂಡುಗಳು ಮತ್ತು ತೆಳು ಕೊಂಬೆಗಳು

60 ಸೆಂ.ಮೀ. ಉಳಿದಾಗ ಅದನ್ನು ಎರಡು ಮಾಡುವುದೇ ಇಡೀ ಕೆಲಸದಲ್ಲಿ ಕಿರಿಕಿರಿಯ ಘಟ್ಟ. ಅರ್ಧಕ್ಕಿಂತ ಹೆಚ್ಚು ಹೊರಗೆ ಚಾಚಿದರೆ ಮುಗ್ಗರಿಸುತ್ತದೆ. ಅದಕ್ಕಾಗಿ ದೊಡ್ಡ ಭಾಗವನ್ನು ಹತ್ತಿರದ ಜೋಡಿಯ ಮೇಲಿಟ್ಟು ಚಿಕ್ಕ ಭಾಗವನ್ನು ಹೊರಗಿಡಿ. ಜೊತೆಗೆ ಒಂದು ಹಗ್ಗ. ಅದರ ಒಂದು ತುದಿಯನ್ನು ಆಚೆ ಪಕ್ಕದ ಕೆಳಗಿನ ಉದ್ದಪಟ್ಟಿಗೆ, ಒಂದನೆಯ ಮತ್ತು ಎರಡನೆಯ ಕಾಲುಗಳ ನಡುವೆ ಕಟ್ಟಿ. ದಿಮ್ಮಿಯ ಮೇಲಿಂದ ಈಚೆಗೆ ತಂದು, ನೆಲದಿಂದ ಒಂದು ಗೇಣು ಮೇಲೆ ಬರುವಂತೆ ತುದಿಯಲ್ಲಿ ಕುಣಿಕೆ ಹಾಕಿ. ಎಡಪಾದವನ್ನು ಕುಣಿಕೆಯಲ್ಲಿಟ್ಟು ಒತ್ತಿದರೆ ದಿಮ್ಮಿ ಕವೆಗೆ ಅಂಟಿಕೊಂಡಂತೆ ಕೂರುತ್ತದೆ, ಎಡಗೈಯೂ ಬಿಡುವಾಗುತ್ತದೆ. ಒಂದು ಸಲ ರೂಢಿಯಾದ ಮೇಲೆ ನಾನು ಉದ್ದದ ದಿಮ್ಮಿಗೂ ಇದನ್ನೇ ಬಳಸತೊಡಗಿದೆ.

ಹೆಬ್ಬೆರಳಿನ ದಪ್ಪದ ರೆಂಬೆಗಳನ್ನು ಒಂದೊಂದಾಗಿ ಕೊಯ್ಯುವುದು ವ್ಯರ್ಥ. ಏಳೆಂಟನ್ನು ಒಟ್ಟಿಗೆ ಕವೆಯಲ್ಲಿ ತುಂಬಿ, ಹಗ್ಗದಿಂದ ಬಿಗಿದು, ಕಟ್ಟಿನಂತೆಯೇ ಕೊಯ್ಯಿರಿ. ಇದು ಕೈಗರಗಸಕ್ಕೆ ಮಾತ್ರ.

ಚೈನ್‌ಸಾ ಬಳಸುವವರಿಗೆ

ಸ್ಟ್ಯಾಂಡ್ ಅದೇ, ಜಾಗವೂ ಅದೇ, ಒಂದನೆಯ ಕಾಲಿನ ಹೊರಗೆ. ಉಳಿದ ನಿಯಮಗಳು ಬೇರೆ. ಮುಖಗವಚವಿರುವ ಶಿರಸ್ತ್ರಾಣ, ಕಿವಿಗೆ ರಕ್ಷಣೆ, ಕೊಯ್ತ ತಡೆಯುವ ಪ್ಯಾಂಟು, ಗಟ್ಟಿ ಬೂಟು ಇಲ್ಲದೆ ಯಂತ್ರ ಚಾಲೂ ಮಾಡಬೇಡಿ. ಪೆಟ್ರೋಲ್ ಚೈನ್‌ಸಾದ ಸದ್ದು 100 ಡೆಸಿಬಲ್ ದಾಟುತ್ತದೆ. ಅಲಗಿನ ತುದಿಯ ಮೇಲಿನ ಕಾಲು ಭಾಗ ಯಾವುದಕ್ಕಾದರೂ ತಾಗಿದರೆ ಯಂತ್ರ ಮುಖದ ಕಡೆಗೆ ಚಿಮ್ಮುತ್ತದೆ. ಕೊಂಬುಗಳಿಗೆ ಆ ತುದಿ ತಾಗದಂತೆ ನಿಲ್ಲುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಎರಡೂ ಕೈಗಳ ಹೆಬ್ಬೆರಳು ಹಿಡಿಕೆಯನ್ನು ಸುತ್ತಿ ಹಿಡಿದಿರಬೇಕು. ದೇಹ ಸರಪಳಿಯ ನೇರಕ್ಕೆ ಇರದೆ ಅದರ ಎಡಕ್ಕಿರಬೇಕು. ದಿಮ್ಮಿಯನ್ನು ಹಿಡಿದುಕೊಳ್ಳಲು ಇನ್ನೊಬ್ಬರನ್ನು ಕರೆಯಲೇಬೇಡಿ. ಕಾಲಿನ ಕುಣಿಕೆಯೂ ಇಲ್ಲಿ ಬೇಡ, ಬಿಗಿಯುವ ಬೆಲ್ಟಿನಿಂದ ದಿಮ್ಮಿಯನ್ನು ಸ್ಟ್ಯಾಂಡಿಗೆ ಕಟ್ಟಿ. ತೆಳು ರೆಂಬೆಗಳನ್ನು ಚೈನ್‌ಸಾದಿಂದ ಕೊಯ್ಯಬಾರದು, ಸರಪಳಿ ಅವನ್ನು ಸೆಳೆದು ನಿಮ್ಮತ್ತಲೇ ಎಸೆಯುತ್ತದೆ.

ದಪ್ಪ ದಿಮ್ಮಿಯ ಚಾಚಿದ ಭಾಗ ಭಾರವಾಗಿದ್ದರೆ ಪೂರ್ತಿ ಕೊಯ್ಯುವ ಮೊದಲೇ ಹರಿದು ಬಿದ್ದು ಉದ್ದಕ್ಕೆ ಸೀಳಬಹುದು. ಅಂಥಲ್ಲಿ ಅನುಭವಿಗಳು ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ದು, ಆಮೇಲೆ ಮೇಲಿನಿಂದ ಅದೇ ಗೆರೆಗೆ ಇಳಿಯುತ್ತಾರೆ.

ಗರಗಸ ಸಿಕ್ಕಿಕೊಂಡೇಬಿಟ್ಟರೆ

ಎಳೆದಾಡಬೇಡಿ, ಅಲಗು ಮಡಚಿಕೊಂಡರೆ ಮತ್ತೆ ನೆಟ್ಟಗಾಗುವುದಿಲ್ಲ. ಬಾಯಿ ಯಾವ ಕಡೆ ಮುಚ್ಚಿದೆ ನೋಡಿ. ಕೊಯ್ತದ ಕೆಳಗಿನ ಜಾಗವನ್ನು ಒಂದು ಕೈಯಿಂದ ಮೇಲಕ್ಕೆ ಎತ್ತಿದರೆ ಮೇಲಿನ ಬಾಯಿ ತೆರೆದುಕೊಳ್ಳುತ್ತದೆ. ಎತ್ತಲಾಗದಷ್ಟು ಭಾರವಿದ್ದರೆ ಕೊಯ್ತದ ಬಾಯಿಗೆ ಮರದ ಬೆಣೆಯನ್ನು ತೂರಿಸಿ ಹಗುರವಾಗಿ ತಟ್ಟಿ. ಲೋಹದ ಬೆಣೆ ಬೇಡ. ಜೇಬಿನಲ್ಲಿ ಇಂಥ ಎರಡು ಬೆಣೆಗಳನ್ನು ಇಟ್ಟುಕೊಂಡೇ ಕೆಲಸಕ್ಕೆ ಇಳಿಯುವುದು ನನ್ನ ಅಭ್ಯಾಸ.

ಆಮೇಲಿನ ಆರೈಕೆ

ಕಟ್ಟಿ ಒಂದು ತಿಂಗಳಾದ ಮೇಲೆ ಬೋಲ್ಟುಗಳನ್ನು ಒಮ್ಮೆ ಬಿಗಿಯಿರಿ. ಎಷ್ಟೇ ಒಣಗಿದ ಮರವೆಂದರೂ ಇನ್ನೂ ಸ್ವಲ್ಪ ಕುಗ್ಗಿರುತ್ತದೆ. ಪ್ರತಿ ಹಂಗಾಮಿನ ಆರಂಭದಲ್ಲಿ ಕಚ್ಚಿನ ಬಳಿ ಬಿರುಕಿದೆಯೇ, ಬುಡ ಮೆತ್ತಗಾಗಿದೆಯೇ ನೋಡಿ. ಬಳಸದ ದಿನಗಳಲ್ಲಿ ಸೂರಿನಡಿ, ಬುಡಗಳ ಕೆಳಗೆ ಕಲ್ಲಿಟ್ಟು ನಿಲ್ಲಿಸಿ. ಹಸಿಮಣ್ಣಿನ ಮೇಲೆ ಬಿಟ್ಟರೆ ಗೆದ್ದಲು ಬುಡದಿಂದಲೇ ಶುರುಮಾಡುತ್ತದೆ. ಗರಗಸದ ಅಲಗಿಗೆ ಅಂಟಿದ ಮರದ ಹಾಲನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿಡಿ.

ದಿಮ್ಮಿ ತಂದ ವಾರದಲ್ಲೇ ತುಂಡು ಮಾಡಿಬಿಡಿ, ಮುಂದಿನ ತಿಂಗಳಿಗೆಂದು ಮುಂದೂಡಬೇಡಿ. ಮರದೊಳಗಿನ ನೀರು ನಾರಿನ ಉದ್ದಕ್ಕೆ ಹರಿಯುವ ವೇಗ ಅಡ್ಡಕ್ಕೆ ಹರಿಯುವುದಕ್ಕಿಂತ ಹತ್ತರಿಂದ ಹದಿನೈದು ಪಟ್ಟು ಹೆಚ್ಚು. ಇಡೀ ದಿಮ್ಮಿ ತೊಗಟೆಯೊಳಗೆ ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. 35 ಸೆಂ.ಮೀ. ತುಂಡಿಗೆ ಎರಡು ಕೊಯ್ದ ಮುಖಗಳಿವೆ, ಸೀಳಿದರೆ ಇನ್ನೂ ಎರಡು ಮುಖಗಳು ಗಾಳಿಗೆ ತೆರೆದುಕೊಳ್ಳುತ್ತವೆ. ತೇವ 20 ಪ್ರತಿಶತಕ್ಕಿಂತ ಕೆಳಗಿಳಿಯಲು ತೆಳುವಾದ ತುಂಡುಗಳಿಗೆ ಆರು ತಿಂಗಳು, ಗಟ್ಟಿ ಜಾತಿಯ ದಪ್ಪ ತುಂಡುಗಳಿಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಒಣಗಿದ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿದರೆ ಠಣ್ ಎಂಬ ಸದ್ದು ಬರುತ್ತದೆ, ಹಸಿಯವು ದಬ್ ಎನ್ನುತ್ತವೆ.